ಯಾಕೋ ಗೊತ್ತಿಲ್ಲದ ಕಳವಳ, ಮಂಕು: ನೆರವು ಕೇಳುವುದು ಹೇಗೆ, ಯಾವ ಕ್ರಮದಲ್ಲಿ?

“ಏನಾಗ್ತಿದೆ?”
“ಯಾಕೋ ಗೊತ್ತಿಲ್ಲ ಸಾರ್, ಒಂಥರಾ ಆಗುತ್ತೆ.”

ಇಷ್ಟಕ್ಕೇ ಮಾತು ನಿಂತರೆ ಡಾಕ್ಟರು ಗ್ಯಾಸಿನ ಗುಳಿಗೆ, ಬಿ-ಕಾಂಪ್ಲೆಕ್ಸ್ ಬರೆದುಕೊಟ್ಟು ಮುಂದಿನವರನ್ನು ಕರೆಯುತ್ತಾರೆ. ನಾನು ಡಾಕ್ಟರಲ್ಲ, ಡಿಗ್ರಿ ಕಾಲೇಜಿನ ಮೇಷ್ಟ್ರು. ಇಪ್ಪತ್ತರ ಆಸುಪಾಸಿನ ಹುಡುಗ ಹುಡುಗಿಯರ ಜೊತೆ ಆಸ್ಪತ್ರೆಯ ಓಪಿಡಿ (ಹೊರರೋಗಿ ವಿಭಾಗ) ಬೆಂಚಿನ ಮೇಲೆ ಕೂತು ಕೂತು ಕಂಡದ್ದೇನೆಂದರೆ, ಬಹುಪಾಲು ಮಂದಿ ಒಂದೇ ಜಾಗದಲ್ಲಿ ಎಡವುತ್ತಾರೆ. ಕಾರಣ ಸಿಕ್ಕಮೇಲೆ ಹೋಗೋಣ ಎಂದು ಕಾಯುತ್ತಾರೆ. ಮನೆಯಲ್ಲಿ ಜಗಳವಿಲ್ಲ, ಸಾಲವಿಲ್ಲ, ಪ್ರೀತಿ ಮುರಿದಿಲ್ಲ, ಹಾಗಿರುವಾಗ ಹೋಗಿ ಏನಂತ ಹೇಳುವುದು ಎಂಬ ಸಂಕೋಚ. ಕಾರಣ ಹುಡುಕುವ ಹೊಣೆ ನಿಮ್ಮದಲ್ಲ. ಏನಾಗುತ್ತಿದೆ, ಯಾವಾಗಿನಿಂದ, ಅದರಿಂದ ಯಾವ ಕೆಲಸ ನಿಂತಿದೆ ಎಂಬ ಮೂರನ್ನು ಹೇಳಲು ಬಂದರೆ ಸಾಕು.

ಬೇಕಾಗುವ ಸಾಮಾನು: ಒಂದು ಸಣ್ಣ ನೋಟ್‌ಬುಕ್, ಒಂದು ಪ್ಲಾಸ್ಟಿಕ್ ಫೈಲು, ಫೋನು, ನಂಬಿಕೆಯ ಒಬ್ಬ ಮನುಷ್ಯ. ಕೊನೆಯದು ಸಿಗದಿದ್ದರೂ ಶುರು ಮಾಡಬಹುದು.

## ಮೊದಲು ಇದನ್ನು ಓದಿ: ಕಾಯಬಾರದ ಲಕ್ಷಣಗಳು

ಕೆಳಗಿನ ಹಂತಗಳೆಲ್ಲ ಒಂದೆರಡು ವಾರ ತಾಳಬಲ್ಲವರಿಗೆ. ಈ ಕೆಳಗಿನ ಯಾವುದಾದರೂ ಒಂದಿದ್ದರೆ ಹಂತಗಳನ್ನು ಬಿಟ್ಟು ಇವತ್ತೇ ಆಸ್ಪತ್ರೆಗೆ ಹೋಗಿ:

- ಸಾಯುವ ಯೋಚನೆ ಬರುತ್ತಿದೆ, ಹೇಗೆ ಎಂಬ ಲೆಕ್ಕಾಚಾರವೂ ಶುರುವಾಗಿದೆ.
- ಯಾರೂ ಇಲ್ಲದಾಗ ಮಾತು ಕೇಳಿಸುತ್ತಿದೆ, ಅಥವಾ ಎಲ್ಲರೂ ನಿಮ್ಮ ಬೆನ್ನು ಹತ್ತಿದ್ದಾರೆ ಅನ್ನಿಸುತ್ತಿದೆ.
- ಕೆಲವು ದಿನಗಳಿಂದ ನಿದ್ದೆಯೇ ಇಲ್ಲ, ಆದರೂ ಸುಸ್ತಿಲ್ಲ. ಮಾತು, ಖರ್ಚು, ಓಡಾಟ ಎಲ್ಲ ಹದ ಮೀರಿದೆ.
- ಅನ್ನ ನೀರು ಬಿಟ್ಟಾಗಿದೆ.

ಹತ್ತಿರದ ಯಾವುದೇ ಆಸ್ಪತ್ರೆಯ ತುರ್ತು ವಿಭಾಗವಾದೀತು, ಮನೋವೈದ್ಯರಿರುವ ಆಸ್ಪತ್ರೆಯೇ ಆಗಬೇಕೆಂದಿಲ್ಲ. ತುರ್ತು ಸಂಖ್ಯೆ 112, ಆಂಬ್ಯುಲೆನ್ಸಿಗೆ 108, ಮಾತಾಡಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416. ಒಬ್ಬರೇ ಇರಬೇಡಿ. ಮನೆಯಲ್ಲಿರುವ ಕ್ರಿಮಿನಾಶಕ, ಗುಳಿಗೆ ಡಬ್ಬಿಗಳನ್ನು ಬೇರೆಯವರ ಕೈಗೆ ಕೊಟ್ಟು ಅವರೇ ಬೀಗ ಹಾಕಿಟ್ಟುಕೊಳ್ಳಲಿ. ತೋಟ, ಹೊಲ ಇರುವ ಮನೆಗಳಲ್ಲಿ ಈ ಒಂದು ಕೆಲಸವನ್ನು ಮೊದಲು ಮಾಡಬೇಕು.

ಪೊಲೀಸ್ ಕೇಸಾಗುತ್ತದೆ ಎಂದು ಹೆದರಿ ಆಸ್ಪತ್ರೆಗೆ ಹೋಗದವರಿದ್ದಾರೆ. 2017ರ ಮಾನಸಿಕ ಆರೋಗ್ಯ ರಕ್ಷಣೆ ಕಾಯ್ದೆಯ 115ನೇ ಕಲಮಿನ ಪ್ರಕಾರ, ಬೇರೆ ರೀತಿ ಸಾಬೀತಾಗದ ಹೊರತು ಪ್ರಾಣ ಕಳೆದುಕೊಳ್ಳಲು ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು, ಅವರನ್ನು ವಿಚಾರಣೆಗೊಳಪಡಿಸಿ ಶಿಕ್ಷಿಸುವಂತಿಲ್ಲ.

## ಹಂತ 1: ಎರಡು ವಾರ ಬರೆದಿಡಿ

ದಿನಕ್ಕೆ ನಾಲ್ಕು ಸಾಲು ಸಾಕು. ಮಲಗಿದ್ದು ಎಷ್ಟಕ್ಕೆ, ಎಚ್ಚರವಾದದ್ದು ಎಷ್ಟಕ್ಕೆ. ಊಟ ಸೇರಿತೋ ಇಲ್ಲವೋ. ಕಳವಳ ಬಂದದ್ದು ಎಷ್ಟು ಹೊತ್ತಿಗೆ, ಮೈಯಲ್ಲಿ ಏನಾಯಿತು, ಎಷ್ಟು ಹೊತ್ತು ಇತ್ತು. ಅವತ್ತು ಯಾವ ಕೆಲಸ ತಪ್ಪಿತು. ಉದಾಹರಣೆಗೆ:

“ಸೋಮವಾರ. 12ಕ್ಕೆ ಮಲಗಿದ್ದು, 3.40ಕ್ಕೆ ಎಚ್ಚರ. ತಿಂಡಿ ಬಿಟ್ಟೆ. ಬಸ್ಸಲ್ಲಿ ಎದೆ ಡವಡವ, ಕೈ ಬೆವರು, ಹತ್ತು ನಿಮಿಷ. ಕ್ಲಾಸಿಗೆ ಹೋಗಲಿಲ್ಲ.”

ಇದರ ಜೊತೆಗೆ ಕಾಫಿ ಟೀ ಎಷ್ಟು ಲೋಟ, ಸಿಗರೇಟು, ಕುಡಿತ, ಗಾಂಜಾ ಇದ್ದರೆ ಅದೂ ಇರಲಿ. ಹುಡುಗಿಯರು ಮುಟ್ಟಿನ ದಿನಾಂಕ ಗುರುತಿಸಿಕೊಳ್ಳಿ. ಪ್ರತಿ ತಿಂಗಳೂ ಮುಟ್ಟಿಗೆ ಮುಂಚಿನ ವಾರವೇ ಮನಸ್ಸು ಕುಸಿದು ಆಮೇಲೆ ತಿಳಿಯಾಗುತ್ತಿದ್ದರೆ ಅದಕ್ಕೆ ಬೇರೆ ದಾರಿಯ ಚಿಕಿತ್ಸೆ ಇದೆ. ಬರೆದಿಟ್ಟಿರದಿದ್ದರೆ ಅದು ಯಾರ ಕಣ್ಣಿಗೂ ಬೀಳುವುದಿಲ್ಲ.

ಪಿಎಚ್‌ಕ್ಯೂ-9, ಜಿಎಡಿ-7 ಎಂಬ ಎರಡು ಪ್ರಶ್ನಾವಳಿಗಳು ಕನ್ನಡದಲ್ಲೂ ಸಿಗುತ್ತವೆ. ಮೊದಲನೆಯದು ಖಿನ್ನತೆಗೆ, ಒಂಬತ್ತು ಪ್ರಶ್ನೆ, ಗರಿಷ್ಠ 27 ಅಂಕ. ಎರಡನೆಯದು ಆತಂಕಕ್ಕೆ, ಏಳು ಪ್ರಶ್ನೆ, ಗರಿಷ್ಠ 21. ಕಳೆದ ಎರಡು ವಾರದಲ್ಲಿ ಎಷ್ಟು ದಿನ ಹೀಗಾಯಿತು ಎಂಬುದಕ್ಕೆ 0ರಿಂದ 3ರವರೆಗೆ ಅಂಕ ಕೊಟ್ಟು ಕೂಡಬೇಕು. ಯಾವುದರಲ್ಲಿ 10 ಅಥವಾ ಹೆಚ್ಚು ಬಂದರೂ ಡಾಕ್ಟರಿಗೆ ತೋರಿಸಿ. ಪಿಎಚ್‌ಕ್ಯೂವಿನ ಒಂಬತ್ತನೇ ಪ್ರಶ್ನೆ ಸಾವಿನ ಯೋಚನೆಯದು. ಅದಕ್ಕೆ ಸೊನ್ನೆ ಬಿಟ್ಟು ಬೇರೆ ಅಂಕ ಬಿದ್ದರೆ ಒಟ್ಟು ಎಷ್ಟೇ ಇರಲಿ, ತೋರಿಸಿ. ಇವು ರೋಗ ಹೆಸರಿಸುವ ಪರೀಕ್ಷೆಗಳಲ್ಲ. ಮುಂದೆ ಗುಣ ಕಾಣುತ್ತಿದೆಯೋ ಇಲ್ಲವೋ ಎಂದು ಹೋಲಿಸಿ ನೋಡಲು ಈ ಅಂಕ ಬೇಕು, ದಿನಾಂಕ ಹಾಕಿ ಇಡಿ.

ಇಲ್ಲಿ ಆಗುವ ತಪ್ಪು: ರೀಲ್ಸ್ ನೋಡಿ ರೋಗದ ಹೆಸರು ತಾವೇ ಇಟ್ಟುಕೊಂಡು, ಅದಕ್ಕೆ ಹೊಂದುವುದನ್ನಷ್ಟೇ ಬರೆಯುವುದು. ಇನ್ನೊಂದು ತಪ್ಪು, ಬಾಲ್ಯದಿಂದ ಶುರುಮಾಡಿ ನಲವತ್ತು ಪುಟ ತುಂಬಿಸುವುದು. ಬರೆಯುವಷ್ಟು ತ್ರಾಣವೇ ಇಲ್ಲವೆಂದರೆ ಮೂರು ದಿನದ್ದು ಸಾಕು, ಮುಂದಿನ ಹಂತಕ್ಕೆ ನಡೆಯಿರಿ.

## ಹಂತ 2: ಮೈಯನ್ನು ಒಮ್ಮೆ ತೋರಿಸಿಕೊಳ್ಳಿ

ಥೈರಾಯ್ಡ್ ಹೆಚ್ಚು ಕೆಲಸ ಮಾಡಿದರೆ ಎದೆ ಬಡಿತ, ಕೈ ನಡುಕ, ತೂಕ ಇಳಿತ, ನಿದ್ದೆಗೇಡು ಬರುತ್ತವೆ, ಥೇಟ್ ಆತಂಕದಂತೆ. ಕಡಿಮೆಯಾದರೆ ಮಂಕು, ಸುಸ್ತು, ಮರೆವು, ಥೇಟ್ ಖಿನ್ನತೆಯಂತೆ. ರಕ್ತಹೀನತೆ, ಬಿ12 ಕೊರತೆ ಕೂಡ ಹೀಗೇ ವೇಷ ಹಾಕುತ್ತವೆ. ಜನರಲ್ ಡಾಕ್ಟರ ಹತ್ತಿರ ಹೋಗಿ ಟಿಎಸ್‌ಎಚ್ (ಥೈರಾಯ್ಡ್ ಪರೀಕ್ಷೆ), ಸಿಬಿಸಿ (ರಕ್ತಕಣಗಳ ಎಣಿಕೆ), ಬಿ12, ಸಕ್ಕರೆ ಪರೀಕ್ಷೆ ಬೇಕೇ ಎಂದು ಕೇಳಿ. ಮೊಡವೆಗೆ ಐಸೊಟ್ರೆಟಿನಾಯಿನ್ ಅಥವಾ ಯಾವುದಕ್ಕಾದರೂ ಸ್ಟೆರಾಯ್ಡ್ ತೆಗೆದುಕೊಳ್ಳುತ್ತಿದ್ದರೆ ಹೇಳಲು ಮರೆಯಬೇಡಿ.

ನಡೆಯುವಾಗ, ಮೆಟ್ಟಿಲು ಹತ್ತುವಾಗ ಎದೆ ನೋವು ಬಂದರೆ, ಕಣ್ಣು ಕತ್ತಲೆ ಬಂದು ಬಿದ್ದರೆ ಮೊದಲು ಹೃದಯದ ತಪಾಸಣೆ ಆಗಲಿ. ಆದರೆ ಒಂದು ಇಸಿಜಿ ಸರಿ ಬಂದಮೇಲೆ ಇನ್ನೊಂದು ಆಸ್ಪತ್ರೆಯಲ್ಲಿ ಇನ್ನೊಂದು, ಆಮೇಲೆ ಎಕೋ, ಎಂಡೋಸ್ಕೋಪಿ ಅಂತ ಸುತ್ತಬೇಡಿ. ನನಗೆ ಗೊತ್ತಿರುವ ಹುಡುಗನೊಬ್ಬ ಸಿಕ್ಕ ಮೊದಲ ಸಂಬಳವನ್ನೆಲ್ಲ ಸ್ಕ್ಯಾನಿಂಗಿಗೆ ಸುರಿದ. ಪ್ಯಾನಿಕ್ ಅಟ್ಯಾಕ್ ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ಏರಿ ಆಮೇಲೆ ಇಳಿಯುತ್ತದೆ. ಆ ಹೊತ್ತಿನಲ್ಲಿ ಜೀವ ಹೋಯಿತು ಅನ್ನಿಸುವುದು ಸುಳ್ಳಲ್ಲ.

ರಿಪೋರ್ಟ್ ಎಲ್ಲ ನಾರ್ಮಲ್ ಬಂದಾಗ “ನಿಂಗೇನೂ ಆಗಿಲ್ಲ, ಆರಾಮಾಗಿರು” ಎನ್ನುತ್ತಾರೆ. ಇಲ್ಲಿಗೇ ನಿಲ್ಲಿಸಿ ಮನೆಗೆ ಹೋಗುವವರೇ ಹೆಚ್ಚು. ನಾರ್ಮಲ್ ರಿಪೋರ್ಟನ್ನು ಫೈಲಿಗೆ ಹಾಕಿಕೊಂಡು ಮೂರನೇ ಹಂತಕ್ಕೆ ಬನ್ನಿ.

## ಹಂತ 3: ಯಾರ ಹತ್ತಿರ ಹೋಗುವುದೆಂದು ತೀರ್ಮಾನಿಸಿ

ಮನೋವೈದ್ಯರು ಎಂಬಿಬಿಎಸ್ ಮುಗಿಸಿ ಮನೋವೈದ್ಯಶಾಸ್ತ್ರದಲ್ಲಿ ಎಂಡಿ, ಡಿಎನ್‌ಬಿ ಅಥವಾ ಡಿಪಿಎಂ ಮಾಡಿದವರು, ಔಷಧಿ ಬರೆಯಬಲ್ಲವರು. ಕ್ಲಿನಿಕಲ್ ಸೈಕಾಲಜಿಸ್ಟ್ ಮಾತಿನ ಚಿಕಿತ್ಸೆ ಕೊಡುತ್ತಾರೆ, ಔಷಧಿ ಬರೆಯುವಂತಿಲ್ಲ. ಅವರಿಗೆ ಭಾರತೀಯ ಪುನರ್ವಸತಿ ಮಂಡಳಿಯ, ಅಂದರೆ ಆರ್‌ಸಿಐನ ನೋಂದಣಿ ಸಂಖ್ಯೆ ಇರಬೇಕು. ಕೇಳಿ ನೋಡಿ, ಸರಿಯಾದವರು ಬೇಸರಿಸುವುದಿಲ್ಲ. ‘ಕೌನ್ಸೆಲರ್’ ಎಂಬ ಬೋರ್ಡು ಮಾತ್ರ ಇದ್ದರೆ ಏನು ಓದಿದ್ದಾರೆ ಎಂದು ವಿಚಾರಿಸಿಯೇ ಕೂರಿ.

ಯಾವುದು ಮೊದಲು? ಕೆಲಸ, ಓದು ಹೇಗೋ ನಡೆಯುತ್ತಿದೆ, ಮನಸ್ಸು ಮಾತ್ರ ಭಾರ ಎಂದರೆ ಸೈಕಾಲಜಿಸ್ಟ್‌ರಿಂದ ಶುರುಮಾಡಬಹುದು. ನಿದ್ದೆ, ಊಟ, ಕೆಲಸ ಎಲ್ಲ ಕೆಟ್ಟಿದ್ದರೆ ಮನೋವೈದ್ಯರೇ ಸರಿ. ಏನೂ ತಿಳಿಯದಿದ್ದರೆ 14416ಕ್ಕೆ ಫೋನ್ ಮಾಡಿ. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಶುರುಮಾಡಿದ ಟೆಲಿ ಮಾನಸ್ ಸೇವೆ ಇದು, ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಫೋನಿನಲ್ಲೂ ನೋಟ್‌ಬುಕ್ ಕೈಯಲ್ಲಿರಲಿ. ನಿಮ್ಮ ಜಿಲ್ಲೆಯಲ್ಲಿ ಎಲ್ಲಿಗೆ ಹೋಗಬೇಕು ಎಂದು ಕೇಳಿ ಬರೆದುಕೊಳ್ಳಿ.

ಹಳ್ಳಿ ಕಡೆಯವರು ಮನಸ್ಸಿನ ಕಾಯಿಲೆ ಎಂದರೆ ನೇರ ಬೆಂಗಳೂರಿನ ರೈಲು ಹತ್ತಬೇಕು ಅಂದುಕೊಳ್ಳುತ್ತಾರೆ. ಬೇಕಿಲ್ಲ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಡಿ ಜಿಲ್ಲಾಸ್ಪತ್ರೆಯಲ್ಲಿ ಚಿಕಿತ್ಸೆ, ಔಷಧಿ ಸಿಗುತ್ತವೆ. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ಏರ್ಪಾಡು ಇದೆ. ಎಲ್ಲ ತಾಲ್ಲೂಕಿಗೂ ಎಲ್ಲ ಮಂಗಳವಾರ ಬರುತ್ತಾರೆಂದು ನಂಬಿಕೊಂಡು ಹೋಗಬೇಡಿ. ಹಿಂದಿನ ದಿನ ಆಸ್ಪತ್ರೆಯಲ್ಲಿ ಅಥವಾ ನಿಮ್ಮೂರಿನ ಆಶಾ ಕಾರ್ಯಕರ್ತೆಯಲ್ಲಿ ವಿಚಾರಿಸಿ. ಸರ್ಕಾರಿ ಮೆಡಿಕಲ್ ಕಾಲೇಜುಗಳಲ್ಲಿ ಮನೋವೈದ್ಯ ವಿಭಾಗ ಇರುತ್ತದೆ. ಉತ್ತರ ಕರ್ನಾಟಕದವರಿಗೆ ಧಾರವಾಡದ ಸರ್ಕಾರಿ ಮನೋರೋಗ ಆಸ್ಪತ್ರೆ ಡಿಮ್ಹಾನ್ಸ್ ಇದೆ. ನಿಮ್ಹಾನ್ಸ್‌ಗೇ ಹೋಗುವುದಾದರೆ ಬೆಳಗ್ಗೆ ಬೇಗ ಹೋಗಿ, ಇಡೀ ದಿನ ಅದಕ್ಕೇ ಮೀಸಲಿಡಿ, ಬುತ್ತಿ ಕಟ್ಟಿಕೊಳ್ಳಿ.

ಓದಲು ಹೊರದೇಶಕ್ಕೆ ಹೋದವರು ಊರಿಗೆ ಬಂದಾಗ ತೋರಿಸೋಣ ಎಂದು ಮುಂದೂಡಬೇಡಿ. ವಿಶ್ವವಿದ್ಯಾಲಯದ ಕೌನ್ಸೆಲಿಂಗ್ ವಿಭಾಗ ಮೊದಲ ಬಾಗಿಲು. ಅಮೆರಿಕದಲ್ಲಿ ತುರ್ತಿಗೆ 988. ಇಂಗ್ಲೆಂಡಿನಲ್ಲಿ ಸರ್ಕಾರಿ ಆರೋಗ್ಯ ಸೇವೆಯ ಮಾತಿನ ಚಿಕಿತ್ಸೆಗೆ (ಎನ್‌ಎಚ್‌ಎಸ್ ಟಾಕಿಂಗ್ ಥೆರಪೀಸ್) ಜಿಪಿಯ, ಅಂದರೆ ಅಲ್ಲಿನ ಜನರಲ್ ಡಾಕ್ಟರ, ಚೀಟಿ ಇಲ್ಲದೆ ನೀವೇ ಹೆಸರು ಕೊಡಬಹುದು.

ಎದ್ದು ಬರಬೇಕಾದ ಲಕ್ಷಣಗಳೂ ಇವೆ. ಮೂರು ಸಲ ಬಂದರೆ ಪೂರ್ತಿ ವಾಸಿ ಎಂಬ ಗ್ಯಾರಂಟಿ. ಹೆಸರಿಲ್ಲದ ಪುಡಿ, ಚೀಟಿಯಿಲ್ಲದ ಗುಳಿಗೆ. ಏನಾಗಿದೆ ಎಂದು ಕೇಳಿದರೆ ಸಿಡುಕು. ಹತ್ತು ಸೆಷನ್ನಿನ ದುಡ್ಡು ಮೊದಲೇ ಕಟ್ಟಿ ಎಂಬ ಒತ್ತಾಯ. ಮೂವತ್ತು ಸೆಕೆಂಡು ಕೇಳಿ, ನಿದ್ದೆ ಗುಳಿಗೆ ಬರೆದು ಕಳಿಸುವವರನ್ನೂ ಈ ಪಟ್ಟಿಗೆ ಸೇರಿಸುತ್ತೇನೆ.

## ಹಂತ 4: ಮೊದಲ ಐದು ನಿಮಿಷದ ಮಾತು

ಸರ್ಕಾರಿ ಓಪಿಡಿಯಲ್ಲಿ ನಿಮಗೆ ಸಿಗುವ ಹೊತ್ತು ಕಡಿಮೆ, ಹಿಂದೆ ಸರದಿ ಇರುತ್ತದೆ, ಕೆಲವೊಮ್ಮೆ ಪಕ್ಕದ ಕುರ್ಚಿಯಲ್ಲೇ ಇನ್ನೊಬ್ಬ ರೋಗಿ. ಅಲ್ಲಿ ಹೋಗಿ ಯೋಚಿಸುತ್ತೇನೆ ಅಂದರೆ ಬಾಯಿ ಒಣಗುತ್ತದೆ. ಹಿಂದಿನ ರಾತ್ರಿಯೇ ಏಳೆಂಟು ವಾಕ್ಯ ಬರೆದುಕೊಳ್ಳಿ. ಬೇಜಾರು, ಟೆನ್ಷನ್, ಸುಸ್ತು ಎಂಬ ಮಾತುಗಳನ್ನು ದಿನಕ್ಕೆ ನೂರು ಸಲ ಕೇಳಿದ ಕಿವಿ ಅದು, ಅವು ಅಲ್ಲಿ ನಾಟುವುದಿಲ್ಲ. ಹೀಗೆ ಹೇಳಿ ನೋಡಿ:

“ಮೇಡಂ, ನಂಗೆ ಇಪ್ಪತ್ಮೂರು. ದೀಪಾವಳಿ ಆದ್ಮೇಲಿಂದ, ಅಂದ್ರೆ ಹತ್ತು ವಾರದಿಂದ, ಬೆಳಗಿನ ಜಾವ ನಾಲ್ಕಕ್ಕೆ ಎಚ್ಚರ ಆಗುತ್ತೆ, ಎದೆ ಡವಡವ ಅನ್ನುತ್ತೆ. ಹಗಲು ಯಾವುದ್ರಲ್ಲೂ ಮನಸ್ಸಿಲ್ಲ, ಕ್ರಿಕೆಟ್ ನೋಡೋದೂ ಬಿಟ್ಟಿದೀನಿ. ವಾರಕ್ಕೆ ಎರಡು ದಿನ ಕೆಲಸಕ್ಕೆ ಹೋಗ್ತಿಲ್ಲ. ನಾಲ್ಕು ಕೆಜಿ ಇಳಿದಿದೀನಿ. ಥೈರಾಯ್ಡ್, ರಕ್ತ ಪರೀಕ್ಷೆ ಮಾಡ್ಸಿದೀನಿ, ಇಲ್ಲಿದೆ. ಯಾಕೆ ಅಂತ ಗೊತ್ತಿಲ್ಲ.”

‘ಯಾಕೆ ಅಂತ ಗೊತ್ತಿಲ್ಲ’ ಎಂಬುದು ಕೊನೆಗೆ ಬಂದಿದೆ, ಗಮನಿಸಿ. ಅದರಿಂದಲೇ ಶುರುಮಾಡಿದರೆ ಮಾತು ಅಲ್ಲಿಗೇ ಮುಗಿಯುತ್ತದೆ. ಗಂಟಲು ಕಟ್ಟಿದರೆ ಚೀಟಿಯನ್ನೇ ಮೇಜಿನ ಮೇಲಿಡಿ. ಅತ್ತರೂ ಪರವಾಗಿಲ್ಲ, ಆ ಮೇಜಿನ ಮುಂದೆ ಅಳುವುದು ಹೊಸತಲ್ಲ.

ಕೇಳದಿದ್ದರೂ ನೀವೇ ಹೇಳಬೇಕಾದವು:

- ಕುಡಿತ, ಗಾಂಜಾ, ಅಂಗಡಿಯಿಂದ ನೀವೇ ತಂದ ಗುಳಿಗೆ.
- ಸಾಯುವ ಯೋಚನೆ, ಒಂದು ಸಲ ಬಂದು ಹೋಗಿದ್ದರೂ.
- ಮನೆಯಲ್ಲಿ ಯಾರಿಗಾದರೂ ಇಂಥ ಕಾಯಿಲೆ ಇತ್ತೇ. ದೊಡ್ಡಪ್ಪ ‘ಮಂಕಾಗಿ ಕೂತಿರ್ತಿದ್ರು’ ಎಂಬುದೂ ಲೆಕ್ಕಕ್ಕೆ ಬರುತ್ತದೆ.
- ಹಿಂದೆ ಯಾವಾಗಲಾದರೂ ಕೆಲವು ದಿನ ನಿದ್ದೆ ಬೇಕೇ ಆಗದೆ ವಿಪರೀತ ಹುರುಪು ಇತ್ತೇ.
- ಗರ್ಭಿಣಿಯೇ, ಆಗುವ ಯೋಚನೆ ಇದೆಯೇ.

ನಾಲ್ಕನೆಯದನ್ನು ಎಲ್ಲರೂ ಬಿಟ್ಟುಬಿಡುತ್ತಾರೆ, ಏಕೆಂದರೆ ಆ ದಿನಗಳು ಚೆನ್ನಾಗಿದ್ದವು ಅನ್ನಿಸಿರುತ್ತದೆ. ಖಿನ್ನತೆ, ವಿಪರೀತ ಹುರುಪು ಎರಡೂ ಬಂದು ಹೋಗುವ ಬೈಪೋಲಾರ್ ಕಾಯಿಲೆ ಇರುವವರಿಗೆ ಬರೀ ಖಿನ್ನತೆಯ ಗುಳಿಗೆ ಕೊಟ್ಟರೆ ಮನಸ್ಸು ಇನ್ನೊಂದು ಅತಿಗೆ ಹಾರಬಹುದು. ಡಾಕ್ಟರು ಔಷಧಿ ಆಯ್ದುಕೊಳ್ಳುವುದಕ್ಕೆ ಈ ಒಂದು ಮಾತು ಬಹಳ ಮುಖ್ಯ.

ಜೊತೆಗೆ ಅಮ್ಮನೋ ಅಣ್ಣನೋ ಬಂದಿದ್ದರೆ, “ಐದು ನಿಮಿಷ ನಿಮ್ಮ ಜೊತೆ ಮಾತ್ರ ಮಾತಾಡಬಹುದಾ?” ಎಂದು ಡಾಕ್ಟರನ್ನು ಕೇಳಿ. ಹೊರಡುವ ಮುಂಚೆ ಮೂರು ಪ್ರಶ್ನೆ ಕೇಳಿ ಬರೆದುಕೊಳ್ಳಿ. ನನಗೆ ಏನಾಗಿದೆ ಅಂತ ನಿಮಗನ್ನಿಸುತ್ತದೆ? ಈ ಗುಳಿಗೆ ಎಷ್ಟು ದಿನಕ್ಕೆ ಕೆಲಸ ಮಾಡುತ್ತದೆ? ಮತ್ತೆ ಯಾವತ್ತು ಬರಲಿ?

## ಹಂತ 5: ಮನೆಯಲ್ಲಿ ಹೇಳುವುದು

ಇದನ್ನು ಐದನೆಯದಾಗಿ ಇಟ್ಟದ್ದು ಬೇಕೆಂದೇ. ಮೊದಲು ಮನೆಯಲ್ಲಿ ಹೇಳಿ, ಅವರು ಒಪ್ಪಿದ ಮೇಲೆ ಹೋಗುತ್ತೇನೆ ಎಂದವರ ಚಿಕಿತ್ಸೆ ವರ್ಷಗಟ್ಟಲೆ ತಡವಾದದ್ದನ್ನು ಕಂಡಿದ್ದೇನೆ. ಹದಿನೆಂಟು ದಾಟಿದ್ದರೆ ನೀವೊಬ್ಬರೇ ಹೋಗಬಹುದು. 2017ರ ಕಾಯ್ದೆಯ 23ನೇ ಕಲಮು ನಿಮ್ಮ ಚಿಕಿತ್ಸೆಯ ವಿಷಯ ಗುಟ್ಟಾಗಿರಬೇಕೆನ್ನುತ್ತದೆ. ಪ್ರಾಣಾಪಾಯದಂಥ ಕೆಲವು ಸಂದರ್ಭಗಳಿಗೆ ಮಾತ್ರ ವಿನಾಯಿತಿ. ಆದರೂ ಖರ್ಚಿಗೆ, ಓಡಾಟಕ್ಕೆ ಒಬ್ಬರು ಬೇಕಾಗುತ್ತಾರೆ. ಎಲ್ಲರನ್ನೂ ಕೂರಿಸಿ ಸಭೆ ಮಾಡಬೇಡಿ. ಒಬ್ಬರನ್ನು ಆರಿಸಿ, ಅದು ಅತ್ತಿಗೆಯೋ ಚಿಕ್ಕಮ್ಮನೋ ಆಗಬಹುದು.

“ಅಮ್ಮಾ, ಎರಡು ತಿಂಗಳಿಂದ ನಂಗೆ ಸರಿಯಾಗಿ ನಿದ್ದೆ ಬರ್ತಿಲ್ಲ, ಊಟ ಸೇರ್ತಿಲ್ಲ. ಥೈರಾಯ್ಡ್ ಟೆಸ್ಟ್ ಮಾಡ್ಸಿದೆ, ಸರಿ ಇದೆ. ಮನಸ್ಸಿನ ಡಾಕ್ಟ್ರಿಗೆ ತೋರಿಸ್ತಿದೀನಿ. ಮುಂದಿನ ಮಂಗಳವಾರ ನನ್ ಜೊತೆ ಬರ್ತೀಯಾ?”

ಖಿನ್ನತೆ ಎಂಬ ಪದ ಅಮ್ಮನಿಗೆ ದೂರದ್ದು. ಊಟ ನಿದ್ದೆ ಹಾಗಲ್ಲ, ಅವು ಅವಳೇ ಕಂಡಿರುವ ಸಂಗತಿ. ಕೇಳಿದ್ದೂ ದೊಡ್ಡದಲ್ಲ, ಒಂದು ದಿನ ಜೊತೆಗೆ ಬರುವುದು.

“ನಿಂಗೇನು ಕಮ್ಮಿ ಮಾಡಿದೀವಿ?” ಎಂಬುದು ಖಂಡಿತ ಬರುವ ಮಾತು. “ನೀವೇನೂ ಕಮ್ಮಿ ಮಾಡಿಲ್ಲಮ್ಮ. ಜ್ವರ ಬಂದ್ರೂ ಹೀಗೇ ಕೇಳ್ತೀಯಾ?” ಎಂದಷ್ಟೇ ಹೇಳಿ, ಧ್ವನಿ ಏರಿಸದೆ. ಕಣ್ಣು ಬಿದ್ದಿದೆ ಎಂದು ಉಪ್ಪು ಮೆಣಸಿನಕಾಯಿ ನಿವಾಳಿಸಿದರೆ ನಿವಾಳಿಸಲಿ, ಧರ್ಮಸ್ಥಳಕ್ಕೆ ಹರಕೆ ಹೊತ್ತರೆ ಹೊರಲಿ. ಗುಳಿಗೆ ನಿಲ್ಲಿಸು ಎಂದಾಗ ಮಾತ್ರ ಬಗ್ಗಬೇಡಿ. ಇನ್ನು, “ಮದುವೆ ಮಾಡಿದ್ರೆ ಎಲ್ಲಾ ಸರಿಹೋಗುತ್ತೆ” ಎಂಬುದಕ್ಕೆ ಹೂಂ ಅನ್ನಬೇಡಿ, ಸುಮ್ಮನೆ ಕೂಡ ಇರಬೇಡಿ. ನಮ್ಮಲ್ಲಿ ಸುಮ್ಮನಿದ್ದರೆ ಒಪ್ಪಿಗೆ ಎಂದೇ ಜಾತಕ ಹೊರಗೆ ಬರುತ್ತದೆ.

## ಹಂತ 6: ಮೊದಲ ಆರು ವಾರ

ಚಿಕಿತ್ಸೆ ಬಿಟ್ಟುಹೋಗುವುದು ಹೆಚ್ಚಾಗಿ ಇಲ್ಲಿ. ಖಿನ್ನತೆಗೆ, ಆತಂಕಕ್ಕೆ ಕೊಡುವ ಎಸ್ಸಿಟಲೋಪ್ರಾಮ್, ಸರ್ಟ್ರಲೀನ್ ತರಹದ ಗುಳಿಗೆಗಳ ಅಡ್ಡ ಪರಿಣಾಮ ಮೊದಲ ದಿನಗಳಲ್ಲೇ ಬರುತ್ತದೆ: ವಾಕರಿಕೆ, ತಲೆನೋವು, ಕೆಲವರಿಗೆ ಕಳವಳವೇ ತುಸು ಹೆಚ್ಚುವುದು. ಗುಣ ಕಾಣುವುದು ಎರಡರಿಂದ ನಾಲ್ಕು ವಾರಕ್ಕೆ, ಪೂರ್ತಿ ತಿಳಿಯಲು ಆರೆಂಟು ವಾರ ಬೇಕು. ನಾಲ್ಕನೇ ದಿನಕ್ಕೆ “ಇದು ನಂಗೆ ಆಗಿಬರಲ್ಲ” ಎಂದು ಡಬ್ಬಿ ಎಸೆಯುವವರಿಗೆ ಈ ಲೆಕ್ಕ ಯಾರೂ ಹೇಳಿರುವುದಿಲ್ಲ. ಕಾಮಾಸಕ್ತಿ ಕುಗ್ಗುವುದೂ ಉಂಟು. ನಾಚಿಕೊಂಡು ಗುಳಿಗೆ ಬಿಡುವ ಬದಲು ಡಾಕ್ಟರಿಗೆ ಹೇಳಿ, ಬದಲಿ ಔಷಧಿ ಇದೆ.

ಒಂದು ಎಚ್ಚರಿಕೆ ಇಪ್ಪತ್ತೈದರೊಳಗಿನವರಿಗೆ. ಈ ಗುಳಿಗೆಗಳನ್ನು ಶುರುಮಾಡಿದ, ಪ್ರಮಾಣ ಬದಲಿಸಿದ ಮೊದಲ ವಾರಗಳಲ್ಲಿ ಕೆಲವರಿಗೆ ಸಾವಿನ ಯೋಚನೆ ಹೆಚ್ಚಬಹುದು. ಜೊತೆಯಲ್ಲಿರುವವರಿಗೆ ಇದನ್ನು ಮುಂಚೆಯೇ ಹೇಳಿಡಿ, ಹಾಗಾದರೆ ಅವತ್ತೇ ಡಾಕ್ಟರನ್ನು ಸಂಪರ್ಕಿಸಿ.

ಅಲ್ಪ್ರಜೋಲಾಮ್, ಕ್ಲೋನಜೆಪಾಮ್ ಕತೆ ಬೇರೆ. ಅರ್ಧ ಗಂಟೆ, ಒಂದು ಗಂಟೆಯಲ್ಲೇ ಕಳವಳ ಇಳಿಸುತ್ತವೆ, ಅದೇ ಅಪಾಯ. ಕೆಲವು ವಾರದಲ್ಲೇ ಮೈ ಅದನ್ನು ಬೇಡಲು ಶುರುಮಾಡುತ್ತದೆ. ಬರೆದಷ್ಟು ದಿನ ಮಾತ್ರ ತೆಗೆದುಕೊಳ್ಳಿ, ಹಳೇ ಚೀಟಿ ತೋರಿಸಿ ಮೆಡಿಕಲ್ ಶಾಪಿನಲ್ಲಿ ಮತ್ತೆ ತರಬೇಡಿ, ಗೆಳೆಯನಿಗೆ ಕೊಡಬೇಡಿ, ಕುಡಿತದ ಜೊತೆ ಅಂತೂ ಬೇಡವೇ ಬೇಡ. ತಿಂಗಳುಗಟ್ಟಲೆ ತೆಗೆದುಕೊಂಡಿದ್ದರೆ ಒಮ್ಮೆಲೇ ನಿಲ್ಲಿಸಬೇಡಿ, ಫಿಟ್ಸ್ ಬರಬಹುದು. ಡಾಕ್ಟರು ಹಂತಹಂತವಾಗಿ ಇಳಿಸಬೇಕು.

ಮಾತಿನ ಚಿಕಿತ್ಸೆ ಸಾಮಾನ್ಯವಾಗಿ ವಾರಕ್ಕೊಮ್ಮೆ, ಮುಕ್ಕಾಲು ಗಂಟೆ. ಮೊದಲ ಎರಡು ಸಲ ಅವರು ಕೇಳುವುದೇ ಹೆಚ್ಚು, ಪರಿಹಾರ ಸಿಗಲಿಲ್ಲವೆಂದು ಬಿಡಬೇಡಿ. ಸಂಜೆ ಹತ್ತು ನಿಮಿಷ ನಡೆದು ಬಾ ಎಂಬಂಥ ಮನೆಗೆಲಸ ಕೊಡುತ್ತಾರೆ. ಇಷ್ಟಕ್ಕೆ ದುಡ್ಡೇ ಅನ್ನಿಸುತ್ತದೆ. ಮಾಡಿ. ಮನಸ್ಸು ಬಂದಮೇಲೆ ಎದ್ದರಾಯಿತು ಎಂದು ಕೂತರೆ ಮನಸ್ಸು ಬರುವುದಿಲ್ಲ, ಎದ್ದು ನಡೆದಮೇಲೆ ತುಸು ಬರುತ್ತದೆ ಎಂಬುದರ ಮೇಲೇ ಆ ಚಿಕಿತ್ಸೆ ನಿಂತಿದೆ. ನಾಲ್ಕು ಸೆಷನ್ ಆದರೂ ಅವರೆದುರು ಬಾಯಿ ಬಿಡಲಾಗದಿದ್ದರೆ ಅದನ್ನೇ ಅವರಿಗೆ ಹೇಳಿ. ಆಮೇಲೂ ಆಗದಿದ್ದರೆ ಬೇರೆಯವರನ್ನು ನೋಡಿ.

## ಹಂತ 7: ಆರನೇ ವಾರದ ಲೆಕ್ಕ, ಆಮೇಲೆ

ಅದೇ ಎರಡು ಪ್ರಶ್ನಾವಳಿಗಳನ್ನು ಮತ್ತೆ ತುಂಬಿ, ಹಳೆಯ ಅಂಕದ ಪಕ್ಕದಲ್ಲಿ ಬರೆಯಿರಿ. ಗುಣವಾಗುತ್ತಿರುವುದು ರೋಗಿಗಿಂತ ಮೊದಲು ನೋಟ್‌ಬುಕ್ಕಿಗೆ ತಿಳಿಯುತ್ತದೆ. 3.40ಕ್ಕೆ ಆಗುತ್ತಿದ್ದ ಎಚ್ಚರ ಐದೂವರೆಗೆ ಬಂದಿರುತ್ತದೆ, “ಏನೂ ವ್ಯತ್ಯಾಸ ಇಲ್ಲ” ಎಂದು ಹುಡುಗ ಇನ್ನೂ ಹೇಳುತ್ತಲೇ ಇರುತ್ತಾನೆ.

ಅಂಕ ಇಳಿದೇ ಇಲ್ಲವೆಂದರೆ ಪ್ರಮಾಣ ಅಥವಾ ಔಷಧಿ ಬದಲಿಸಬೇಕಾದೀತು. ಎರಡನೇ ಅಭಿಪ್ರಾಯಕ್ಕೆ ಹೋಗುವಾಗ ಫೈಲು ಒಯ್ಯಿರಿ, ಹಿಂದಿನವರಿಗೆ ತೋರಿಸಿದ್ದನ್ನು ಮುಚ್ಚಿಡಬೇಡಿ. ಮುಚ್ಚಿಟ್ಟರೆ ಹೊಸ ಡಾಕ್ಟರು ಅದೇ ಗುಳಿಗೆಯಿಂದ ಮತ್ತೆ ಶುರುಮಾಡುತ್ತಾರೆ, ಇನ್ನೊಂದು ಆರು ವಾರ ಹೋಯಿತು. ಆಸ್ಪತ್ರೆಗೆ ಸೇರಬೇಕಾಗಿ ಬಂದರೆ ವಿಮೆಯ ಬಗ್ಗೆ ಕೇಳಿ. ಮೈಯ ಕಾಯಿಲೆಗೆ ಕೊಡುವಂತೆಯೇ ಮನಸ್ಸಿನ ಕಾಯಿಲೆಗೂ ವಿಮೆ ಕೊಡಬೇಕೆಂದು 2017ರ ಕಾಯ್ದೆಯಲ್ಲೇ ಇದೆ. ಓಪಿಡಿ ಖರ್ಚು ಮಾತ್ರ ಹೆಚ್ಚಿನ ಪಾಲಿಸಿಗಳಲ್ಲಿ ಸಿಗುವುದಿಲ್ಲ.

ಪೂರ್ತಿ ಗುಣ ಕಂಡಮೇಲೂ ಸಾಮಾನ್ಯವಾಗಿ ಇನ್ನೂ ಆರು ತಿಂಗಳಾದರೂ ಗುಳಿಗೆ ಮುಂದುವರಿಸುತ್ತಾರೆ. ಹಬ್ಬಕ್ಕೆ ಊರಿಗೆ ಹೋಗುವಾಗ ಎಣಿಸಿ ಇಟ್ಟುಕೊಳ್ಳಿ. ನಡುವೆ ನಾಲ್ಕು ದಿನ ತಪ್ಪಿದರೆ ತಲೆಸುತ್ತು, ತಲೆಯಲ್ಲಿ ಕರೆಂಟ್ ಹೊಡೆದಂತಾಗುವುದು ಬರುತ್ತದೆ, ಜನ ಅದನ್ನು ‘ಗುಳಿಗೆಯ ಚಟ’ ಎಂದು ತಪ್ಪು ತಿಳಿದು ಪೂರ್ತಿ ಬಿಡುತ್ತಾರೆ. ನಿಲ್ಲಿಸುವ ದಿನ ಬಂದಾಗ ಡಾಕ್ಟರು ವಾರಗಳ ಲೆಕ್ಕದಲ್ಲಿ ಇಳಿಸುತ್ತಾರೆ. ನಿಲ್ಲಿಸಿದ ತಾರೀಕನ್ನು ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಬರೆದು, ಫೈಲಿನ ಜೊತೆ ಇಡಿ. ಅದರ ಕೆಳಗೆ ನಿಮಗೆ ಮೊದಲು ಕೆಟ್ಟದ್ದು ಯಾವುದು, ನಿದ್ದೆಯೋ ಊಟವೋ, ಎಂದು ಒಂದು ಸಾಲು ಬರೆಯಿರಿ. ಅದೇ ಲಕ್ಷಣ ಮತ್ತೆ ಎರಡು ವಾರ ಎಡೆಬಿಡದೆ ಕಂಡರೆ ಒಂದನೇ ಹಂತದಿಂದ ಶುರುಮಾಡಬೇಕಿಲ್ಲ, ಫೈಲು ಹಿಡಿದು ಅದೇ ಡಾಕ್ಟರ ಹತ್ತಿರ ಹೋಗಿ.